ಅರ್ಜಿ ಭರ್ತಿಯಲ್ಲಿ ಬಳಕೆಯಾಗುವ ಗಣಕಯಂತ್ರದ ಕೀಲಿಗಳು: ಹೊಳವನಹಳ್ಳಿ ಹೋಬಳಿಯ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಉಪವಿಭಾಗದಲ್ಲಿ ಹೊಳವನಹಳ್ಳಿಯು ಕೊರಟಗೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲೊಂದು. ಕಸಬಾ, ಕೋಳಾಲ ಮತ್ತು ಚನ್ನರಾಯನದುರ್ಗ ಉಳಿದ ಮೂರು ಹೋಬಳಿಗಳು. ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣ ಪತ್ರಗಳಿಗಾಗಿ ಹೋಬಳಿಯ ಸಾರ್ವಜನಿಕರು ಹಿಂದೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸಲ್ಲಿಸುತ್ತಿದ್ದರು. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು. 2012ರ ಡಿಸೆಂಬರ್‌ನಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರದ ಹೆಸರಿನಲ್ಲಿ ನಾಡಕಚೇರಿಗಳು ಈ ಕಾರ್ಯವನ್ನು ನಿರ್ವಹಿಸುತ್ತಿವೆ. 2022ರಿಂದ ಗ್ರಾಮ ಒನ್ ಕೇಂದ್ರಗಳೂ ಸೇರಿಕೊಂಡಿವೆ. ಅಂತರ್ಜಾಲ ಸಂಪರ್ಕವಿರುವವರು ಮನೆಯಿಂದಲೇ ಅರ್ಜಿ ಸಲ್ಲಿಸುವುದೂ ಇದೆ.

ಈ ಎಲ್ಲ ಮಾರ್ಗಗಳಲ್ಲಿಯೂ ಅರ್ಜಿದಾರರ ಹೆಸರು, ತಂದೆಯ ಹೆಸರು, ಗ್ರಾಮ ಮತ್ತು ಸಂಖ್ಯೆಗಳು ಕೀಲಿಮಣೆಯ ಮೂಲಕವೇ ದಾಖಲೆಯನ್ನು ಸೇರುತ್ತವೆ. ಕೈಬರಹದ ಅರ್ಜಿಯಲ್ಲಿ ಅಕ್ಷರವೊಂದು ಅಸ್ಪಷ್ಟವಾಗಿದ್ದರೆ ಗುಮಾಸ್ತರು ಊಹಿಸಿ ಓದಿಕೊಳ್ಳುತ್ತಿದ್ದರು. ಗಣಕಯಂತ್ರವು ಊಹಿಸುವುದಿಲ್ಲ. ಒತ್ತಿದ ಕೀಲಿಯೇ ದಾಖಲೆಯಾಗುತ್ತದೆ. ಡಿಜಿಟಲ್ ಸಹಿಯಾಗಿ ಹೊರಬಂದ ಪ್ರಮಾಣ ಪತ್ರದಲ್ಲಿ ಒಂದು ಕೊಂಬನ್ನು ಸಹ ಶಾಯಿಯಲ್ಲಿ ತಿದ್ದಲು ಅವಕಾಶವಿಲ್ಲ. ಸಾಮಾನ್ಯವಾಗಿ ಹೊಸದಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ವಿದ್ಯಾರ್ಥಿ ವೇತನಕ್ಕಾಗಲಿ, ಕಾಲೇಜು ಪ್ರವೇಶಕ್ಕಾಗಲಿ ಕೊನೆಯ ದಿನಾಂಕ ಹತ್ತಿರವಿದ್ದಾಗ ಇದರ ತೊಂದರೆ ಏನೆಂಬುದು ಹಲವು ಕುಟುಂಬಗಳಿಗೆ ತಿಳಿದಿದೆ.

ಆದುದರಿಂದ ಅರ್ಜಿಯನ್ನು ಸ್ವತಃ ಭರ್ತಿ ಮಾಡುವವರಿಗೂ, ನಿರ್ವಾಹಕರ ಪಕ್ಕದಲ್ಲಿ ಕುಳಿತು ಮಾಡಿಸುವವರಿಗೂ ಉಪಯೋಗವಾಗುವಂತೆ ಮುಖ್ಯ ಕೀಲಿಗಳ ಕಾರ್ಯವನ್ನು ಇಲ್ಲಿ ವಿವರಿಸಲಾಗಿದೆ. ಕೀಲಿಮಣೆಯ ಮೇಲಿನ ಎಲ್ಲ ಕೀಲಿಗಳೂ ಅರ್ಜಿಗೆ ಬೇಕಾಗುವುದಿಲ್ಲ. ತಪ್ಪಿಗೆ ಹೆಚ್ಚು ಕಾರಣವಾಗುವ ಕೀಲಿಗಳನ್ನು ವಿವರವಾಗಿಯೂ, ಉಳಿದವುಗಳನ್ನು ಸಂಕ್ಷಿಪ್ತವಾಗಿಯೂ ತಿಳಿಸಲಾಗಿದೆ.

ಅಕ್ಷರಗಳ ಜೋಡಣೆ ಮತ್ತು ಶಿಫ್ಟ್ ಕೀಲಿ

ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಇಲ್ಲದಿರುವುದು ಹೊಸಬರಿಗೆ ಮೊದಲ ತೊಡಕು. ಈ ಜೋಡಣೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಅಮೆರಿಕದ ಕ್ರಿಸ್ಟೋಫರ್ ಷೋಲ್ಸ್ ಮತ್ತು ಸಂಗಡಿಗರು ರೂಪಿಸಿ, 1874ರಲ್ಲಿ ರೆಮಿಂಗ್ಟನ್ ಕಂಪನಿಯು ಮಾರಾಟಕ್ಕೆ ತಂದ ಬೆರಳಚ್ಚು ಯಂತ್ರದಿಂದ ಇದು ಬಂದಿದೆ. ಆ ಯಂತ್ರವು ದೊಡ್ಡಕ್ಷರಗಳನ್ನು ಮಾತ್ರ ಮುದ್ರಿಸುತ್ತಿತ್ತು. ಒಂದೇ ಕೀಲಿಯಿಂದ ಎರಡು ಬಗೆಯ ಅಕ್ಷರ ಮೂಡಿಸುವ ಶಿಫ್ಟ್ ಕೀಲಿ 1878ರ ರೆಮಿಂಗ್ಟನ್ 2ನೆಯ ಮಾದರಿಯಲ್ಲಿ ಬಂತು. ಯಂತ್ರದ ಭಾಗವೊಂದು ನಿಜವಾಗಿಯೂ ಸ್ಥಾನ ಬದಲಿಸುತ್ತಿದ್ದುದರಿಂದ ಆ ಹೆಸರು. ಈಗ ಏನೂ ಸರಿಯುವುದಿಲ್ಲವಾದರೂ ಹೆಸರು ಉಳಿದಿದೆ.

ಶಿಫ್ಟ್ ಕೀಲಿಯು ಕೀಲಿಮಣೆಯ ಎಡಕ್ಕೊಂದು, ಬಲಕ್ಕೊಂದು ಇರುತ್ತದೆ. ಎರಡರ ಕೆಲಸವೂ ಒಂದೇ. ಅದನ್ನು ಒತ್ತಿ ಹಿಡಿದುಕೊಂಡಿರುವಾಗಲೇ ಇನ್ನೊಂದು ಕೀಲಿಯನ್ನು ಒಮ್ಮೆ ಒತ್ತಬೇಕು. ಇಂಗ್ಲಿಷಿನಲ್ಲಿ ಇದರಿಂದ ದೊಡ್ಡಕ್ಷರ ಬರುತ್ತದೆ. ಒಂದು ಕೀಲಿಯ ಮೇಲೆ ಎರಡು ಚಿಹ್ನೆಗಳಿದ್ದರೆ ಮೇಲಿನ ಚಿಹ್ನೆ ಬರುತ್ತದೆ. ಇ-ಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯು ಸಾಮಾನ್ಯವಾಗಿ 2ರ ಅಂಕಿಯ ಮೇಲೆ ಇರುವುದರಿಂದ ಅದಕ್ಕೂ ಶಿಫ್ಟ್ ಬೇಕು.

ಕ್ಯಾಪ್ಸ್ ಲಾಕ್ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಕು, ಮತ್ತೊಮ್ಮೆ ಒತ್ತುವವರೆಗೆ ಎಲ್ಲ ಇಂಗ್ಲಿಷ್ ಅಕ್ಷರಗಳೂ ದೊಡ್ಡಕ್ಷರಗಳಾಗಿಯೇ ಬರುತ್ತವೆ. ಅಂಕಿ ಮತ್ತು ಚಿಹ್ನೆಗಳ ಮೇಲೆ ಇದರ ಪರಿಣಾಮವಿಲ್ಲ. ಗುಪ್ತಪದ ನಮೂದಿಸುವಾಗ ಪರದೆಯ ಮೇಲೆ ಅಕ್ಷರದ ಬದಲು ಚುಕ್ಕೆ ಕಾಣುವುದರಿಂದ ಕ್ಯಾಪ್ಸ್ ಲಾಕ್ ಚಾಲನೆಯಲ್ಲಿರುವುದು ಗಮನಕ್ಕೆ ಬರುವುದಿಲ್ಲ. ಗುಪ್ತಪದ ಸರಿಯಿದ್ದರೂ ತಪ್ಪೆಂದು ಸೂಚನೆ ಬಂದರೆ ಮೊದಲು ಕೀಲಿಮಣೆಯ ಮೇಲಿನ ಸಣ್ಣ ದೀಪವನ್ನು ನೋಡಿಕೊಳ್ಳುವುದು. ಹಲವು ತಾಣಗಳಲ್ಲಿ ಮೇಲಿಂದ ಮೇಲೆ ತಪ್ಪು ಗುಪ್ತಪದ ನಮೂದಿಸಿದರೆ ಖಾತೆಯು ಕೆಲಕಾಲ ಸ್ಥಗಿತಗೊಳ್ಳುತ್ತದೆ.

ಕನ್ನಡದಲ್ಲಿ ಹೆಸರು ಮೂಡುವ ಬಗೆ

ಕನ್ನಡ ನಮೂದಿನಲ್ಲಿ ಶಿಫ್ಟ್ ಕೀಲಿಯ ಮಹತ್ವ ಇನ್ನೂ ಹೆಚ್ಚು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ತಪ್ಪಿದರೂ ಹೆಸರು ಬದಲಾಗುವುದಿಲ್ಲ; ಕನ್ನಡದಲ್ಲಿ ಶಿಫ್ಟ್ ತಪ್ಪಿದರೆ ಅಕ್ಷರವೇ ಬೇರೆಯಾಗುತ್ತದೆ.

ಕಚೇರಿಗಳಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದೆ. ಅದರ ಕೀಲಿಮಣೆ ವಿನ್ಯಾಸಕ್ಕೆ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಆಧಾರ. ಇಂಗ್ಲಿಷಿನ 26 ಅಕ್ಷರ ಕೀಲಿಗಳು ಶಿಫ್ಟ್ ಸಹಿತ ಮತ್ತು ಶಿಫ್ಟ್ ರಹಿತವಾಗಿ 52 ಸ್ಥಾನಗಳನ್ನು ಕೊಡುತ್ತವೆ. ಕನ್ನಡ ವರ್ಣಮಾಲೆಯ 49 ಅಕ್ಷರಗಳೂ, ಒತ್ತಕ್ಷರ ಕೂಡಿಸುವ ಒಂದು ಕೊಂಡಿ ಕೀಲಿಯೂ ಈ 52ರೊಳಗೆ ಅಡಕವಾಗಿವೆ. ಕಾಗುಣಿತ ಮತ್ತು ಒತ್ತಕ್ಷರಗಳಿಗೆ ಪ್ರತ್ಯೇಕ ಕೀಲಿಗಳಿಲ್ಲ. ವ್ಯಂಜನದ ನಂತರ ಸ್ವರವನ್ನು ಒತ್ತಿದರೆ ಕಾಗುಣಿತವನ್ನು ಯಂತ್ರವೇ ಕೂಡಿಸಿಕೊಳ್ಳುತ್ತದೆ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ತಲೆಕಟ್ಟು, ಗುಡಿಸು, ಕೊಂಬುಗಳನ್ನು ಬಿಡಿಬಿಡಿಯಾಗಿ ಒತ್ತಿ ಅಭ್ಯಾಸವಿದ್ದವರಿಗೆ ಇದು ದೊಡ್ಡ ಅನುಕೂಲವಾಗಿ ಕಂಡಿತು.

ಉದಾಹರಣೆಗೆ ಹೊಳವನಹಳ್ಳಿ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ನುಡಿ ವಿನ್ಯಾಸದಲ್ಲಿ ಇದಕ್ಕೆ 10 ಬಾರಿ ಕೀಲಿ ಒತ್ತಬೇಕು. ಮೊದಲು 'ಎಚ್' ಮತ್ತು 'ಓ' ಕೀಲಿಗಳಿಂದ ಹೊ. ಶಿಫ್ಟ್ ಹಿಡಿದು 'ಎಲ್' ಒತ್ತಿದರೆ ಳ. 'ವಿ', 'ಎನ್', 'ಎಚ್' ಕೀಲಿಗಳಿಂದ ಕ್ರಮವಾಗಿ ವ, ನ, ಹ. ಪುನಃ ಶಿಫ್ಟ್ ಸಹಿತ 'ಎಲ್', ಕೊಂಡಿಗಾಗಿ 'ಎಫ್', ಮತ್ತೆ ಶಿಫ್ಟ್ ಸಹಿತ 'ಎಲ್', ಕೊನೆಗೆ 'ಐ'. ಮೂರು ಕಡೆ ಶಿಫ್ಟ್ ಬೇಕಾಗುತ್ತದೆ. ಮೊದಲನೆಯದು ತಪ್ಪಿದರೆ ಊರಿನ ಹೆಸರು ಹೊಲವನಹಳ್ಳಿ ಎಂದಾಗುತ್ತದೆ. ಓದುವವರಿಗೆ ಇದೂ ಒಂದು ಊರಿನ ಹೆಸರಿನಂತೆಯೇ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. 'ಎಫ್' ಕೀಲಿ ತಪ್ಪಿದರೆ ಹೊಳವನಹಳಳಿ ಎಂದು ಮೂಡುತ್ತದೆ. ಇದು ಕೂಡಲೇ ತಿಳಿಯುವ ತಪ್ಪು. ಅರ್ಜಿಯನ್ನು ಕೆಡಿಸುವುದು ಹೆಚ್ಚಾಗಿ ಮೊದಲ ಬಗೆಯ ತಪ್ಪೇ.

ಕೀಲಿಗಳನ್ನು ಇಂಗ್ಲಿಷ್ ಹೆಸರಿನಿಂದ ಹೇಳುವಾಗ ಒಂದು ಗೊಂದಲವಿದೆ. 'ಐ' ಎಂಬ ಕೀಲಿಯಿಂದ ಕನ್ನಡದ ಇ, 'ಇ' ಎಂಬ ಕೀಲಿಯಿಂದ ಎ, 'ಎ' ಎಂಬ ಕೀಲಿಯಿಂದ ಅ ಮೂಡುತ್ತದೆ. ಪಕ್ಕದಲ್ಲಿ ಕುಳಿತವರು "ಇ ಹಾಕಿ" ಎಂದರೆ ಕನ್ನಡದ ಇಕಾರವೋ ಇಂಗ್ಲಿಷ್ ಕೀಲಿಯೋ ಎಂಬುದನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಟ ಅಕ್ಷರವು 'ಕ್ಯೂ' ಕೀಲಿಯಲ್ಲಿ, ಡ ಅಕ್ಷರವು 'ಡಬ್ಲ್ಯೂ' ಕೀಲಿಯಲ್ಲಿ, ಷ ಅಕ್ಷರವು 'ಎಕ್ಸ್' ಕೀಲಿಯಲ್ಲಿ ಇವೆ. ಉಚ್ಚಾರಣೆಯಿಂದ ಊಹಿಸಲಾಗದ ಇಂತಹ ಕೆಲವನ್ನು ನೆನಪಿಡಲೇಬೇಕು. ಕೊರಟಗೆರೆ ಎಂದು ಬರೆಯಲು 'ಕ್ಯೂ', ಪಾವಗಡ ಎಂದು ಬರೆಯಲು 'ಡಬ್ಲ್ಯೂ' ಬೇಕಾಗುತ್ತವೆ. ಮಧುಗಿರಿಯ ಧಕಾರಕ್ಕೆ ಶಿಫ್ಟ್ ಸಹಿತ 'ಡಿ'. ಅದು ತಪ್ಪಿದರೆ ಮದುಗಿರಿ. ಕೋಳಾಲ ಎಂಬ ಚಿಕ್ಕ ಹೆಸರಿಗೆ ಐದು ಬಾರಿ ಕೀಲಿ ಒತ್ತಬೇಕು. ಅವುಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಶಿರಾ ಎಂಬಲ್ಲಿ ಶಿಫ್ಟ್ ತಪ್ಪಿದರೆ ಶಕಾರವು ಸಕಾರವಾಗುತ್ತದೆ. ಆ ಊರಿನ ಹೆಸರು ಎರಡೂ ರೂಪಗಳಲ್ಲಿ ಬಳಕೆಯಲ್ಲಿರುವುದರಿಂದ ಅಲ್ಲಿ ಯಾರೂ ಗಮನಿಸುವುದಿಲ್ಲ ಎಂಬುದು ಬೇರೆ ಮಾತು.

ವ್ಯಕ್ತಿಗಳ ಹೆಸರಿನಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಲಕ್ಷ್ಮಮ್ಮ ಎಂಬ ಹೆಸರಿಗೆ 9 ಬಾರಿ ಕೀಲಿ ಒತ್ತಬೇಕು. ಅದರಲ್ಲಿ ಮೂರು ಬಾರಿ 'ಎಫ್' ಬರುತ್ತದೆ. ಹನುಮಂತರಾಯಪ್ಪ ಎಂಬಲ್ಲಿ ಸೊನ್ನೆಗಾಗಿ, ಅಂದರೆ ಅನುಸ್ವಾರಕ್ಕಾಗಿ, ಶಿಫ್ಟ್ ಸಹಿತ 'ಎಂ' ಒತ್ತಬೇಕು. ಶಿಫ್ಟ್ ತಪ್ಪಿದರೆ ಹನುಮಮತರಾಯಪ್ಪ ಎಂದಾಗುತ್ತದೆ. ಸಿದ್ದಪ್ಪ ಮತ್ತು ಸಿದ್ಧಪ್ಪ ಎಂಬ ಎರಡೂ ರೂಪಗಳು ಬಳಕೆಯಲ್ಲಿದ್ದು, ಎರಡರ ನಡುವಿನ ವ್ಯತ್ಯಾಸ ಒಂದು ಶಿಫ್ಟ್ ಮಾತ್ರ. ಯಾವುದು ಸರಿ ಎಂಬುದನ್ನು ವ್ಯಾಕರಣದಿಂದ ತೀರ್ಮಾನಿಸಬೇಕಾಗಿಲ್ಲ. ಶಾಲಾ ದಾಖಲಾತಿ, ಆಧಾರ್ ಮತ್ತು ಪಹಣಿಗಳಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು. ಈ ಮೂರರಲ್ಲಿಯೇ ವ್ಯತ್ಯಾಸವಿದ್ದಲ್ಲಿ ಅರ್ಜಿ ಸಲ್ಲಿಸುವ ಮೊದಲೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪಹಣಿಯಲ್ಲಿನ ಹೆಸರಿನ ತಿದ್ದುಪಡಿಗೆ ದಾಖಲೆಗಳೊಂದಿಗೆ ತಾಲ್ಲೂಕು ಕಚೇರಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ.

ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶವನ್ನು ರೂಢಿ ಮಾಡಿಕೊಂಡವರೂ ಅನೇಕರಿದ್ದಾರೆ. ಅದರ ಲಿಪ್ಯಂತರ ಪದ್ಧತಿಯಲ್ಲಿ ಅಕಾರವನ್ನೂ ಒತ್ತಬೇಕು, ಕೊಂಡಿ ಕೀಲಿ ಬೇಕಾಗಿಲ್ಲ. ಹೊಳವನಹಳ್ಳಿಗೆ ಅಲ್ಲಿ 13 ಬಾರಿ ಕೀಲಿ ಒತ್ತಬೇಕು. ಎರಡರಲ್ಲಿ ಒಂದನ್ನು ಕಲಿತವರು ಮತ್ತೊಂದರಲ್ಲಿ ತಡವರಿಸುವುದು ಸಹಜ. ಮನೆಯಲ್ಲಿ ಕಲಿಯುವ ಮಕ್ಕಳು ಯಾವುದಾದರೂ ಒಂದನ್ನೇ ಚೆನ್ನಾಗಿ ಅಭ್ಯಾಸ ಮಾಡುವುದು ಸೂಕ್ತ.

ಒತ್ತಿದ್ದು ಒಂದು, ಮೂಡಿದ್ದು ಮತ್ತೊಂದು ಆದಾಗ

'ಎಚ್' ಮತ್ತು 'ಓ' ಒತ್ತಿದಾಗ ಹೊ ಬರುವ ಬದಲು ಪದ ಎಂದು ಮೂಡಿದರೆ ಕೀಲಿಮಣೆ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಆ ಗಣಕಯಂತ್ರದಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲನೆಯಲ್ಲಿದೆ ಎಂದರ್ಥ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಜೋಡಣೆ ಇರಲೆಂದು ಕೇಂದ್ರ ಸರ್ಕಾರದ ವತಿಯಿಂದ ರೂಪುಗೊಂಡ ವಿನ್ಯಾಸ ಇದು. 1991ರ ಭಾರತೀಯ ಮಾನಕದಲ್ಲಿಯೂ ಸೇರಿದೆ. ಇದರಲ್ಲಿ ಕಾಗುಣಿತ ಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಬರುತ್ತವೆ; ಒತ್ತಕ್ಷರದ ಕೊಂಡಿ 'ಡಿ' ಕೀಲಿಯಲ್ಲಿದೆ. ಪಾವಗಡದ ಗಡಿ ಗ್ರಾಮಗಳಲ್ಲಿ ತೆಲುಗನ್ನು ಸಹ ಬರೆಯಬಲ್ಲವರಿಗೆ ಇದರಿಂದ ಒಂದು ಅನುಕೂಲವಿದೆ: ಕನ್ನಡದ ಕ ಇರುವ ಕೀಲಿಯಲ್ಲಿಯೇ ತೆಲುಗಿನ ಕ ಸಹ ಇರುತ್ತದೆ.

ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸಲು ನುಡಿ ತಂತ್ರಾಂಶದಲ್ಲಿ ಸ್ಕ್ರೋಲ್ ಲಾಕ್ ಕೀಲಿ ಬಳಕೆಯಲ್ಲಿ ಬಂದಿದೆ. ಇತರೆ ಕೆಲಸಗಳಿಗೆ ಬಹುಮಟ್ಟಿಗೆ ಉಪಯೋಗವಿಲ್ಲದೆ ಮೂಲೆ ಸೇರಿದ್ದ ಈ ಕೀಲಿಗೆ ಕರ್ನಾಟಕದ ಕಚೇರಿಗಳಲ್ಲಿ ದೊರೆತಷ್ಟು ಕೆಲಸ ಬೇರೆಡೆ ದೊರೆತಿರಲಾರದು. ವಿಂಡೋಸ್‌ನ ಈಚಿನ ಆವೃತ್ತಿಗಳಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಸ್ಪೇಸ್ ಕೀಲಿ ಒತ್ತಿದರೆ ಭಾಷೆ ಬದಲಾಗುತ್ತದೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಗುರುತು ಕಾಣುತ್ತದೆ.

ಮತ್ತೊಂದು ತೊಂದರೆ ಇದಕ್ಕಿಂತ ಗಂಭೀರವಾದುದು. ಮೊದಲೇ ಕನ್ನಡದಲ್ಲಿ ಬರೆದಿಟ್ಟ ವಿವರಗಳನ್ನು ನಕಲು ಮಾಡಿ ಅರ್ಜಿಯ ಖಾನೆಯಲ್ಲಿ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಳ್ಳುವುದುಂಟು. ಹಳೆಯ ನುಡಿ ಮತ್ತು ಬರಹ ಅಕ್ಷರಶೈಲಿಗಳು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಅಕ್ಷರಶೈಲಿ ಇರುವೆಡೆ ಕನ್ನಡ, ಇಲ್ಲದೆಡೆ ಇಂಗ್ಲಿಷ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿರುವುದರಿಂದ ಈ ತೊಂದರೆ ಇಲ್ಲ. ಅಂತರ್ಜಾಲದ ಅರ್ಜಿಗಳಲ್ಲಿ ಯೂನಿಕೋಡ್ ಕನ್ನಡವನ್ನೇ ಬಳಸತಕ್ಕದ್ದು. ಪರದೆಯ ಮೇಲೆ ಅಂತಹ ವಿಚಿತ್ರ ಅಕ್ಷರಗಳು ಕಂಡಲ್ಲಿ "ಮುದ್ರಿಸುವಾಗ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೂ ಮುಂದುವರಿಯಬಾರದು.

ಅಂಕಿಗಳು

ಅಂಕಿಗಳು ಎರಡು ಕಡೆ ಇರುತ್ತವೆ: ಅಕ್ಷರಗಳ ಮೇಲಿನ ಸಾಲಿನಲ್ಲಿ, ಮತ್ತು ದೊಡ್ಡ ಕೀಲಿಮಣೆಗಳಲ್ಲಿ ಬಲಭಾಗದ ಅಂಕಿ ಫಲಕದಲ್ಲಿ. ಬಲಭಾಗದ ಫಲಕವು ನಮ್ ಲಾಕ್ ಕೀಲಿ ಚಾಲನೆಯಲ್ಲಿದ್ದಾಗ ಮಾತ್ರ ಅಂಕಿಗಳನ್ನು ಕೊಡುತ್ತದೆ. ಇಲ್ಲವಾದರೆ 8, 2, 4 ಮತ್ತು 6 ಬಾಣದ ಕೀಲಿಗಳಂತೆ ವರ್ತಿಸುತ್ತವೆ. ದೂರವಾಣಿಯಲ್ಲಿ ಮೇಲಿನ ಸಾಲು 1, 2, 3; ಈ ಫಲಕದಲ್ಲಿ ಮೇಲಿನ ಸಾಲು 7, 8, 9. ಮೊಬೈಲ್‌ನಲ್ಲಿ ಬೆರಳಿಗೆ ರೂಢಿಯಾದ ಸ್ಥಾನದಲ್ಲಿ ಇಲ್ಲಿ ಬೇರೆ ಅಂಕಿ ಇರುವುದರಿಂದ 10 ಅಂಕಿಗಳ ಮೊಬೈಲ್ ಸಂಖ್ಯೆ, 12 ಅಂಕಿಗಳ ಆಧಾರ್ ಸಂಖ್ಯೆಗಳನ್ನು ಪರದೆ ನೋಡಿಯೇ ನಮೂದಿಸುವುದು. ಮೊಬೈಲ್ ಸಂಖ್ಯೆ ತಪ್ಪಾದರೆ ಒ.ಟಿ.ಪಿ. ಮತ್ತು ಅರ್ಜಿಯ ಸ್ಥಿತಿಗತಿಯ ಸಂದೇಶಗಳು ಬೇರೊಬ್ಬರಿಗೆ ಹೋಗುತ್ತವೆ.

ಸೊನ್ನೆ ಮತ್ತು ಇಂಗ್ಲಿಷಿನ 'ಓ' ಅಕ್ಷರಗಳ ಗೊಂದಲ ಬಹಳ ಹಳೆಯದು. ಕೆಲವು ಹಳೆಯ ಬೆರಳಚ್ಚು ಯಂತ್ರಗಳಲ್ಲಿ 1ರ ಕೀಲಿಯೇ ಇರುತ್ತಿರಲಿಲ್ಲ. ಅದರ ಬದಲಿಗೆ ಸಣ್ಣ 'ಎಲ್' ಒತ್ತುತ್ತಿದ್ದರು. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಗಣಕಯಂತ್ರಕ್ಕೆ ಅವು ಬೇರೆ ಬೇರೆ. ಸಂಖ್ಯೆಯ ರಚನೆಯನ್ನು ತಿಳಿದಿದ್ದರೆ ಗೊಂದಲ ತಾನಾಗಿ ನಿವಾರಣೆಯಾಗುತ್ತದೆ. ನಾಡಕಚೇರಿಯ ಜಾತಿ ಹಾಗೂ ಆದಾಯ ಪ್ರಮಾಣ ಪತ್ರದ ಸಂಖ್ಯೆಯಲ್ಲಿ ಆರಂಭದ 'ಆರ್' ಮತ್ತು 'ಡಿ' ಅಕ್ಷರಗಳನ್ನು ಬಿಟ್ಟರೆ ಉಳಿದುದೆಲ್ಲ ಅಂಕಿ. ಅಲ್ಲಿ ಕಾಣುವ ದುಂಡನೆಯ ಗುರುತು ಸೊನ್ನೆಯೇ. ಬ್ಯಾಂಕಿನ ಐ.ಎಫ್.ಎಸ್.ಸಿ. ಸಂಕೇತ 11 ಸ್ಥಾನಗಳದ್ದು. ಅದರ ಐದನೆಯ ಸ್ಥಾನ ಯಾವಾಗಲೂ ಸೊನ್ನೆ. ಪ್ಯಾನ್ ಸಂಖ್ಯೆಯಲ್ಲಿ ಮೊದಲು ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ.

ಕನ್ನಡ ಅಂಕಿಗಳನ್ನು ಬಳಸುವುದು ಭಾಷೆಯ ದೃಷ್ಟಿಯಿಂದ ಸರಿಯಾದುದೇ ಆದರೂ, ಸಂಖ್ಯೆಗೆ ಮೀಸಲಾದ ಖಾನೆಗಳು ಸಾಮಾನ್ಯವಾಗಿ ಅವನ್ನು ಸ್ವೀಕರಿಸುವುದಿಲ್ಲ. ಸರ್ವೆ ನಂಬರಿನ ಓರೆಗೆರೆಯು ಬಲಗಡೆಯ ಶಿಫ್ಟ್ ಪಕ್ಕದ ಕೀಲಿಯಲ್ಲಿದೆ. ಆದರೆ ಸರ್ವೆ ನಂಬರ್ ಮತ್ತು ಹಿಸ್ಸಾ ಸಂಖ್ಯೆಗಳಿಗೆ ಬೇರೆ ಬೇರೆ ಖಾನೆಗಳಿದ್ದಲ್ಲಿ ಓರೆಗೆರೆ ಹಾಕಬಾರದು.

ಖಾನೆಯಿಂದ ಖಾನೆಗೆ: ಟ್ಯಾಬ್, ಬಾಣ ಮತ್ತು ಎಂಟರ್

ಟ್ಯಾಬ್ ಕೀಲಿಯು ಒಂದು ಖಾನೆಯಿಂದ ಮುಂದಿನ ಖಾನೆಗೆ ಕರೆದೊಯ್ಯುತ್ತದೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಿನ ಖಾನೆಗೆ ಬರಬಹುದು. ಎಂಟರ್ ಕೀಲಿಯನ್ನು ಇದೇ ಕೆಲಸಕ್ಕೆ ಬಳಸುವುದು ಸರಿಯಲ್ಲ. ಪತ್ರ ಬರೆಯುವ ತಂತ್ರಾಂಶದಲ್ಲಿ ಎಂಟರ್ ಹೊಸ ಸಾಲನ್ನು ಆರಂಭಿಸುತ್ತದೆ. ಅರ್ಜಿಯ ಪುಟದಲ್ಲಿ ಅದು ಹಲವು ಬಾರಿ ಸಲ್ಲಿಕೆಯ ಗುಂಡಿಯಂತೆಯೇ ವರ್ತಿಸುತ್ತದೆ. ಅರ್ಧ ತುಂಬಿದ ಅರ್ಜಿಯು ಸಲ್ಲಿಕೆಯಾಗಲು ಹೋಗಿ ದೋಷ ಸೂಚನೆ ಬರಲು ಇದೂ ಒಂದು ಕಾರಣ.

ಜಿಲ್ಲೆ, ತಾಲ್ಲೂಕು, ಹೋಬಳಿ ಮತ್ತು ಗ್ರಾಮಗಳನ್ನು ಬರೆಯುವ ಬದಲು ಪಟ್ಟಿಯಿಂದ ಆರಿಸಬೇಕಾಗಿರುತ್ತದೆ. ಇಲ್ಲಿ ಬಾಣದ ಕೀಲಿಗಳು ಕೆಲಸ ಮಾಡುತ್ತವೆ. ಇಂಗ್ಲಿಷ್ ಪಟ್ಟಿಯಾದರೆ ಮೊದಲ ಅಕ್ಷರ ಒತ್ತಿದಾಗ ಆ ಅಕ್ಷರದ ಹೆಸರಿಗೆ ನೇರವಾಗಿ ಹೋಗಬಹುದು. ಆರಿಸಿದ ನಂತರ ಟ್ಯಾಬ್ ಒತ್ತಿ ಆ ಖಾನೆಯಿಂದ ಹೊರಬರಬೇಕು. ಖಾನೆಯಲ್ಲಿಯೇ ಉಳಿದಿರುವಾಗ ಬಾಣದ ಕೀಲಿ ಒತ್ತಿದರೂ, ನಮ್ ಲಾಕ್ ಇಲ್ಲದೆ ಬಲಫಲಕದ 2 ಅಥವಾ 8 ಒತ್ತಿದರೂ, ಕೆಲವು ಸಂದರ್ಭಗಳಲ್ಲಿ ಮೌಸಿನ ಚಕ್ರ ತಿರುಗಿಸಿದರೂ ಆಯ್ಕೆಯು ಪಟ್ಟಿಯ ಪಕ್ಕದ ಹೆಸರಿಗೆ ಸದ್ದಿಲ್ಲದೆ ಜಾರುತ್ತದೆ. ಹೊಳವನಹಳ್ಳಿಯ ಬದಲು ಕೋಳಾಲ ಎಂದು ದಾಖಲಾದ ಅರ್ಜಿಯು ಇನ್ನೊಂದು ನಾಡಕಚೇರಿಯ ಕಡತ ಸೇರುತ್ತದೆ. ಸ್ಥಳ ಪರಿಶೀಲನೆ ಮಾಡಬೇಕಾದ ಗ್ರಾಮ ಆಡಳಿತ ಅಧಿಕಾರಿಗೆ ಅದು ತಲುಪುವುದೇ ಇಲ್ಲ. ಒಂದೇ ಹೆಸರಿನ ಗ್ರಾಮಗಳು ಬೇರೆ ಹೋಬಳಿಗಳಲ್ಲಿಯೂ ಇರುವುದುಂಟಾದ್ದರಿಂದ ಗ್ರಾಮದ ಹೆಸರನ್ನು ಮಾತ್ರ ನೋಡಿದರೆ ಸಾಲದು.

ಇಂಗ್ಲಿಷ್ ಪಟ್ಟಿಗಳಲ್ಲಿ ಜಿಲ್ಲೆಯ ಹೆಸರನ್ನು ಹುಡುಕುವಾಗ 2014ರ ನವೆಂಬರ್ 1ರಂದು ತುಮಕೂರು ಸೇರಿದಂತೆ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಬದಲಿಸಲಾಗಿದೆ ಎಂಬುದನ್ನು ಗಮನಿಸುವುದು. ಹಳೆಯ ದಾಖಲೆಗಳಲ್ಲಿ ಹಳೆಯ ಕಾಗುಣಿತ ಇರುವುದು ಸ್ವಾಭಾವಿಕ.

ತಿದ್ದುವ ಕೀಲಿಗಳು

ಬ್ಯಾಕ್‌ಸ್ಪೇಸ್ ಕೀಲಿಯು ಮಿಣುಕುವ ಗೆರೆಯ ಹಿಂದಿನದನ್ನು, ಡಿಲೀಟ್ ಕೀಲಿಯು ಮುಂದಿನದನ್ನು ಅಳಿಸುತ್ತದೆ. ಕನ್ನಡದಲ್ಲಿ ಇವೆರಡರ ನಡುವೆ ಇನ್ನೂ ಒಂದು ವ್ಯತ್ಯಾಸವಿದೆ. ಯೂನಿಕೋಡ್ ಬಳಸುವ ಬಹುತೇಕ ತಂತ್ರಾಂಶಗಳಲ್ಲಿ ಬ್ಯಾಕ್‌ಸ್ಪೇಸ್ ಅಕ್ಷರವನ್ನು ಬಿಡಿಬಿಡಿಯಾಗಿ ಬಿಚ್ಚುತ್ತದೆ: ಳ್ಳಿ ಎಂಬುದರ ಮೇಲೆ ಒಮ್ಮೆ ಒತ್ತಿದರೆ ಗುಡಿಸು ಹೋಗಿ ಳ್ಳ, ಎರಡನೆಯ ಬಾರಿಗೆ ಳ್, ಮೂರನೆಯ ಬಾರಿಗೆ ಳ, ನಾಲ್ಕನೆಯ ಬಾರಿಗೆ ಪೂರ್ಣ ಅಳಿಯುತ್ತದೆ. ಡಿಲೀಟ್ ಕೀಲಿಯಾದರೋ ಇಡೀ ಳ್ಳಿ ಅಕ್ಷರವನ್ನು ಒಂದೇ ಬಾರಿಗೆ ತೆಗೆದುಹಾಕುತ್ತದೆ. ಗುಡಿಸು ಅಥವಾ ದೀರ್ಘ ಮಾತ್ರ ತಪ್ಪಾಗಿದ್ದರೆ ಬ್ಯಾಕ್‌ಸ್ಪೇಸ್, ಅಕ್ಷರವೇ ತಪ್ಪಾಗಿದ್ದರೆ ಡಿಲೀಟ್ ಅನುಕೂಲ. ಅರ್ಧ ಅಳಿಸಿದ ಅಕ್ಷರದ ಕೊಂಡಿ ಹಾಗೆಯೇ ಉಳಿದರೆ ಮುಂದೆ ಒತ್ತುವ ಅಕ್ಷರ ಅದಕ್ಕೆ ಒತ್ತಾಗಿ ಅಂಟಿಕೊಳ್ಳುತ್ತದೆ. ಹೆಸರಿನಲ್ಲಿ ಎಲ್ಲಿಯೂ ಇಲ್ಲದ ಒತ್ತು ಬರುವುದು ಹೀಗೆ.

ಖಾನೆಯ ಹೊರಗೆ ಬ್ಯಾಕ್‌ಸ್ಪೇಸ್ ಒತ್ತಿದರೆ ಹಳೆಯ ಬ್ರೌಸರ್‌ಗಳಲ್ಲಿ ಹಿಂದಿನ ಪುಟಕ್ಕೆ ಹೋಗಿ ತುಂಬಿದ್ದೆಲ್ಲ ಅಳಿದುಹೋಗುತ್ತಿತ್ತು. ಕ್ರೋಮ್ ಬ್ರೌಸರ್‌ನಲ್ಲಿ 2016ರಲ್ಲಿ ಇದನ್ನು ಕೈಬಿಡಲಾಯಿತು. ಬಹಳ ಹಳೆಯ ತಂತ್ರಾಂಶವಿರುವ ಕಡೆ ಈಗಲೂ ಎಚ್ಚರ ಅಗತ್ಯ. ಕಂಟ್ರೋಲ್ ಕೀಲಿ ಹಿಡಿದು 'ಝೆಡ್' ಒತ್ತಿದರೆ ಕೊನೆಯ ಬದಲಾವಣೆ ರದ್ದಾಗುತ್ತದೆ; 'ಸಿ' ಒತ್ತಿದರೆ ಆರಿಸಿದ ಭಾಗದ ನಕಲು, 'ವಿ' ಒತ್ತಿದರೆ ಅದನ್ನು ಹೊಸ ಜಾಗದಲ್ಲಿ ಇರಿಸುವುದು. ಬ್ಯಾಂಕ್ ಖಾತೆ ಸಂಖ್ಯೆಯನ್ನು ಎರಡು ಬಾರಿ ಕೇಳುವಲ್ಲಿ ನಕಲು ಮಾಡಬಾರದು. ಮೊದಲ ಬಾರಿಯ ತಪ್ಪನ್ನು ಹಿಡಿಯಲೆಂದೇ ಎರಡನೆಯ ಬಾರಿ ಕೇಳಲಾಗಿರುತ್ತದೆ.

ಉಳಿದ ಕೀಲಿಗಳು

ಎಸ್ಕೇಪ್ ಕೀಲಿಯು ತೆರೆದ ಪಟ್ಟಿಯನ್ನು ಮುಚ್ಚುತ್ತದೆ. ಹೋಮ್ ಮತ್ತು ಎಂಡ್ ಕೀಲಿಗಳು ಸಾಲಿನ ಆರಂಭಕ್ಕೂ ಕೊನೆಗೂ, ಪೇಜ್ ಅಪ್ ಮತ್ತು ಪೇಜ್ ಡೌನ್ ಕೀಲಿಗಳು ಪುಟದ ಮೇಲಕ್ಕೂ ಕೆಳಕ್ಕೂ ಒಯ್ಯುತ್ತವೆ. ಪ್ರಿಂಟ್ ಸ್ಕ್ರೀನ್ ಕೀಲಿ ಹೆಸರಿಗೆ ಮುದ್ರಣದ್ದಾದರೂ ಕಾಗದದ ಮೇಲೆ ಏನನ್ನೂ ಮುದ್ರಿಸುವುದಿಲ್ಲ. ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳುತ್ತದೆ. ಸ್ವೀಕೃತಿ ಪತ್ರವನ್ನು ಮುದ್ರಿಸಲು ಕಂಟ್ರೋಲ್ ಸಹಿತ 'ಪಿ' ಬಳಸುವುದು. ಮೇಲಿನ ಸಾಲಿನ 'ಎಫ್' 1ರಿಂದ 12ರವರೆಗಿನ ಕೀಲಿಗಳಲ್ಲಿ ಅರ್ಜಿದಾರರು ತಿಳಿದಿರಬೇಕಾದುದು ಐದನೆಯದು. ಅದು ಪುಟವನ್ನು ಪುನಃ ತೆರೆಯುತ್ತದೆ. ಶುಲ್ಕ ಪಾವತಿಯ ಪುಟ ನಿಧಾನವಾಗಿದೆಯೆಂದು ಇದನ್ನು ಒತ್ತಿದರೆ ಪಾವತಿ ನಡುವೆಯೇ ಕಡಿದುಹೋಗಬಹುದು ಅಥವಾ ಎರಡು ಬಾರಿ ಆಗಬಹುದು. ಅಂತಹ ಸಂದರ್ಭದಲ್ಲಿ ಮತ್ತೆ ಪಾವತಿಸುವ ಮೊದಲು ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಕೀಲಿಮಣೆಯ 'ಎಫ್' ಮತ್ತು 'ಜೆ' ಅಕ್ಷರಗಳ ಮೇಲೂ, ಅಂಕಿ ಫಲಕದ 5ರ ಮೇಲೂ ಚಿಕ್ಕ ಉಬ್ಬು ಇರುತ್ತದೆ. ನೋಡದೆಯೇ ಬೆರಳುಗಳನ್ನು ಸರಿಯಾದ ಸ್ಥಾನದಲ್ಲಿಡಲು ಇದು ನೆರವಾಗುತ್ತದೆ. ದೃಷ್ಟಿದೋಷವುಳ್ಳ ಅರ್ಜಿದಾರರಿಗೂ ಇದೇ ಆಧಾರ.

ಸಲ್ಲಿಸುವ ಮೊದಲು

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ತಾಲ್ಲೂಕು ಕಚೇರಿಗಳಲ್ಲಿ ಗಣಕೀಕೃತ ಪಹಣಿ ವಿತರಣೆ ಆರಂಭವಾದಾಗ, ನಿರ್ವಾಹಕರ ಪರದೆಯಲ್ಲಿ ನಡೆಯುವುದು ಸಾರ್ವಜನಿಕರಿಗೂ ಕಾಣಲೆಂದು ಅವರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯ ವ್ಯವಸ್ಥೆ ಮಾಡಲಾಗಿತ್ತು. ಅಂತಹ ಪರದೆ ಇಲ್ಲದ ಕಡೆಗಳಲ್ಲಿ, ಸಲ್ಲಿಕೆಯ ಗುಂಡಿ ಒತ್ತುವ ಮೊದಲು ವಿವರಗಳನ್ನು ತೋರಿಸುವಂತೆ ಅರ್ಜಿದಾರರು ನಿರ್ವಾಹಕರನ್ನು ಕೇಳಬಹುದು. ಓದಲು ಬಾರದವರು ಗಟ್ಟಿಯಾಗಿ ಓದಿ ಹೇಳುವಂತೆ ಕೋರಬಹುದು. ಆದರೆ ಳ ಮತ್ತು ಲ, ಶ ಮತ್ತು ಸ, ಣ ಮತ್ತು ನ ಅಕ್ಷರಗಳ ವ್ಯತ್ಯಾಸ ಕಿವಿಗೆ ತಪ್ಪುವ ಸಂಭವವಿರುವುದರಿಂದ ಸಾಧ್ಯವಾದರೆ ಓದಬಲ್ಲ ಒಬ್ಬರನ್ನು ಜೊತೆಯಲ್ಲಿ ಕರೆತರುವುದು ಸೂಕ್ತ. ಆಧಾರ್ ಮತ್ತು ಶಾಲಾ ದಾಖಲೆಗಳನ್ನು ಪರದೆಯ ಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ, ಸಂಖ್ಯೆಗಳನ್ನು ನಾಲ್ಕು ನಾಲ್ಕು ಅಂಕಿಗಳಾಗಿ ತಾಳೆ ನೋಡುವುದು.

ಸಲ್ಲಿಕೆಯಾದ ಕೂಡಲೇ ದೊರೆಯುವ ಸ್ವೀಕೃತಿ ಪತ್ರದಲ್ಲಿಯೂ ಹೆಸರು, ಗ್ರಾಮ ಮತ್ತು ಹೋಬಳಿಗಳನ್ನು ಅಲ್ಲಿಯೇ ಪರಿಶೀಲಿಸತಕ್ಕದ್ದು. ತಪ್ಪು ಕಂಡುಬಂದಲ್ಲಿ ಅರ್ಜಿಯ ಸಂಖ್ಯೆಯೊಂದಿಗೆ ಅದೇ ದಿನ ನಾಡಕಚೇರಿಯ ಉಪ ತಹಶೀಲ್ದಾರರ ಗಮನಕ್ಕೆ ತರುವುದು.